ಮಚ್ಛೇಂದ್ರ ಮಾಸ್ತರರ ಇಪ್ಪತ್ತೆರಡು ಎಲುಬು

ಭಾಲ್ಕಿ ತಾಲೂಕಿನಲ್ಲಿ ಆಗ ಇದ್ದದ್ದು ಒಂದೇ ತಲೆಬುರುಡೆ. ಜನರ ಹೆಗಲ ಮೇಲಿರುವವುಗಳನ್ನು ಬಿಡಿ. ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಸರ್ಕಾರಿ ನಂಬರು ಬರೆದಿದ್ದು ಅದೊಂದೇ. ಅದು ಹೈದರಾಬಾದಿನಿಂದ ರೈಲಿನಲ್ಲಿ ಬಂದ ದಿನ ಸ್ಟೇಶನ್ನಿನಿಂದ ಸಾಲೆಯವರೆಗೆ ಟಾಂಗಾದಲ್ಲಿ ಕೂತು ಬಂತು, ಸಾಯನ್ಸ್ ಹೇಳುವ ಮಚ್ಛೇಂದ್ರ ಮಾಸ್ತರರು ಪಕ್ಕದಲ್ಲಿ ನಡೆದು ಬಂದರು. ಅವತ್ತಿನಿಂದ ನಮ್ಮ ಓಣಿಗೆ ಒಂದು ಗತ್ತು ಬಂತು. ಬುರುಡೆ ಸಾಲೆಯದು, ಕೀಲಿ ಮಾಸ್ತರರ ಹತ್ತಿರ, ಮಾಸ್ತರರು ನಮ್ಮ ಓಣಿಯವರು. ಕಮಲನಗರದವರು, ಸಂತಪುರದವರು ಬಂದಾಗ ನಾವು ಮೊದಲು ಹೇಳುತ್ತಿದ್ದ ಸುದ್ದಿ ಇದೇ.

ಹತ್ತೊಂಬತ್ತುನೂರ ಐವತ್ತಾರರ ನವೆಂಬರ್ ಒಂದನೇ ತಾರೀಖು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ಹಿಂದಿನ ದಿನ ಹೈದರಾಬಾದಿನಲ್ಲಿ ಮಲಗಿದವರು ಬೆಳಿಗ್ಗೆ ಮೈಸೂರಿನಲ್ಲಿ ಎದ್ದೆವು. ಹಾಸಿಗೆ ಮಾತ್ರ ಅದೇ ಇತ್ತು. ಡಿಸೆಂಬರಿನಲ್ಲಿ ಬೀದರಿನಲ್ಲಿ ಮಾಸ್ತರುಗಳ ಸಭೆ ಕರೆದರು. ಮೈಸೂರಿನ ಕಡೆಯಿಂದ ಒಬ್ಬ ಸಾಹೇಬರು ಬಂದಿದ್ದರು. ಜರಿ ಅಂಚಿನ ಪೇಟ, ಮುಚ್ಚುಕಾಲರಿನ ಕೋಟು, ಬೆಣ್ಣೆ ಸವರಿದಂಥ ಮಾತು.

"ನಿಮ್ಮ ಕಡೆ ಕನ್ನಡ ಮಾತಾಡೋಕೆ ತುಂಬ ಸೊಗಸು ಸ್ವಾಮಿ," ಎಂದರು ಅವರು. "ಆದರೆ ಅದರಲ್ಲಿ ಶಾಸ್ತ್ರ ಹೇಳೋಕೆ ಆಗತ್ತಾ ಅಂತ ನೋಡಬೇಕಲ್ಲ. ಇಷ್ಟು ದಿನ ಉರ್ದುವಿನಲ್ಲಿ ಹೇಳಿದ್ದೀರಿ. ಆಗದೇ ಇದ್ದರೆ ಯೋಚನೆ ಬೇಡ, ನಮ್ಮ ಕಡೆಯಿಂದ ಮೇಷ್ಟ್ರುಗಳನ್ನ ಕಳಿಸ್ಕೊಡೋಣ. ನಿಮಗೂ ತಹಸೀಲಿನಲ್ಲಿ ಹಳೇ ಉರ್ದು ಕಾಗದ ನೋಡೋ ಕೆಲಸ ಇದ್ದೇ ಇದೆ. ಔರಾದಿನಲ್ಲಿ ಒಂದು ಜಾಗ ಖಾಲಿ ಇದೆಯಂತೆ."

ಇನ್ನೂರು ಮಾಸ್ತರುಗಳು ತಲೆ ಬಗ್ಗಿಸಿದರು. ಕೊನೆಯ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಯಾಕೆ ಎದ್ದೆನೆಂದು ಮಚ್ಛೇಂದ್ರ ಮಾಸ್ತರರಿಗೆ ಆಮೇಲೂ ಹೇಳಲು ಬರಲಿಲ್ಲ. ಬೆಣ್ಣೆಯ ಮಾತು ಎಲ್ಲೋ ಗಂಟಲಲ್ಲಿ ಸಿಕ್ಕಿರಬೇಕು.

"ಆಗತದ್ರಿ," ಎಂದರು.

"ಏನು ಆಗತ್ತೆ?"

"ಎಲ್ಲಾ ಆಗತದ್ರಿ ಸಾಹೇಬ್ರ. ಮನಷ್ಯಾನ ತಲಿಬುರುಡಿ ಪಾಠ ಕನ್ನಡದಾಗ ಹೇಳ್ತೇನ್ರಿ. ಇಪ್ಪತ್ತೆರಡು ಎಲುಬು ಅವರಿ. ಇಪ್ಪತ್ತೆರಡಕ್ಕೂ ಕನ್ನಡ ಹೆಸರು ಹೇಳ್ತೇನ್ರಿ."

"ಆ ಹೆಸರುಗಳು ನಿಮಗೆ ಗೊತ್ತೋ?"

"ಸಣ್ಣಾಂವ ಇದ್ದಾಗಿಂದ ಗೊತ್ತವರಿ."

ಅವರಿಗೆ ಒಂದೂ ಗೊತ್ತಿರಲಿಲ್ಲ. ಹೈದರಾಬಾದಿನ ಟ್ರೇನಿಂಗಿನಲ್ಲಿ ಹಣೆಯ ಎಲುಬನ್ನು 'ಅಜ್ಮೆ ಜಬಹಿ' ಎಂದು ಕಲಿತಿದ್ದರು, ಕನಸಿನಲ್ಲಿಯೂ ಹಾಗೇ ಹೇಳುತ್ತಿದ್ದರು. ಸಾಹೇಬರು ಡೈರಿ ತೆಗೆದು ಬರೆದುಕೊಂಡರು: ಭಾಲ್ಕಿ, ಜನವರಿ ಹತ್ತು, ಗುರುವಾರ, ಹನ್ನೊಂದು ಗಂಟೆ. ಪಾಠ ಸರಿಹೋದರೆ ಮಾಸ್ತರರು ಇದ್ದಲ್ಲಿಯೇ ಇರುವರು. ತಪ್ಪಿದರೆ ಔರಾದಿನಲ್ಲಿ ಕಾಗದದ ಗಂಟುಗಳ ಧೂಳು ಝಾಡಿಸುವರು, ಭಾಲ್ಕಿಗೆ ಬೆಣ್ಣೆ ಮಾತಿನವರೊಬ್ಬರು ಬರುವರು.

ಈ ಸುದ್ದಿ ಕೇಳಿ ಮನೆಯಲ್ಲಿ ಸಂತೋಷಪಟ್ಟವರು ಒಬ್ಬರೇ, ಮಾಸ್ತರರ ಹೆಂಡತಿ ಅಂಜನಾಬಾಯಿ. ಅವರ ತವರು ಸಂತಪುರ. ಸಂತಪುರದಿಂದ ಔರಾದ ಹತ್ತಿರ.

"ಔರಾದ ಏನು ಕೆಟ್ಟ ಊರೇನ್ರಿ?" ಎಂದರು ಅವರು, ರೊಟ್ಟಿ ತಟ್ಟುತ್ತ. "ಅಲ್ಲಿ ನೀರು ಭಾಳ ಸಿಹಿ ಅವ."

"ನಾ ಫೇಲಾಗಬೇಕು ಅಂತೀಯೇನು?"

"ನಾ ಯಾಕ ಅನ್ಲಿ? ನೀರಿನ ಮಾತು ಹೇಳ್ದೆ."

ಮೈಸೂರಿನ ಕಡೆಯ ಒಂದು ಪುಸ್ತಕವನ್ನು ಮಾಸ್ತರರು ಹೇಗೋ ತರಿಸಿದರು. ಹೆಸರುಗಳೇನೋ ಅದರಲ್ಲಿ ಇದ್ದವು. ಲಲಾಟಾಸ್ಥಿ, ಪಾರ್ಶ್ವಕಪಾಲಾಸ್ಥಿ, ಜತೂಕಾಸ್ಥಿ, ಝರ್ಝರಾಸ್ಥಿ. ಹತ್ತು ದಿನ ಓದಿದರು. ಮುಂದಿನದನ್ನು ಕಲಿತರೆ ಹಿಂದಿನದು ಬಿದ್ದುಹೋಗುತ್ತಿತ್ತು. ಸಂಕ್ರಾಂತಿ ಹತ್ತಿರ ಬಂದಿತ್ತು, ಗುರುವಾರ ಇನ್ನೂ ಹತ್ತಿರ. ಕೊನೆಗೆ ಹೆಡ್‌ಮಾಸ್ತರ ಶರಫೋದ್ದೀನ ಸಾಹೇಬರಿಂದ ಚೀಟಿ ಬರೆಸಿಕೊಂಡು, ಏಳು ದಿನದ ಮಟ್ಟಿಗೆ ಬುರುಡೆಯನ್ನೇ ಮನೆಗೆ ತಂದರು.

ಇಲ್ಲಿಂದ ಮುಂದೆ ನಡೆದ ಪ್ರತಿಯೊಂದಕ್ಕೂ ಸರಿಯಾದ ಕಾರಣವಿತ್ತೆಂಬುದನ್ನು ಓದುವವರು ದಯವಿಟ್ಟು ಮನಸ್ಸಿನಲ್ಲಿಡಬೇಕು.

ಅಂಜನಾಬಾಯಿ ಒಳಗೆ ಬಿಡಲಿಲ್ಲ. ಆದ್ದರಿಂದ ಬುರುಡೆಯನ್ನು ಬೀದಿಗೆ ತೆರೆದ ಪಡಸಾಲೆಯಲ್ಲಿ ಇಟ್ಟರು. ನೆಲದ ಮೇಲೆ ಇಟ್ಟರೆ ಉರುಳಿ ಗೋಡೆಗೆ ಮುಖ ಮಾಡುತ್ತಿತ್ತು. ಆದ್ದರಿಂದ ಮನೆಯಲ್ಲಿ ಪುರಾಣದ ಪೋಥಿ ಓದುವ ಕಟ್ಟಿಗೆಯ ವ್ಯಾಸಪೀಠದ ಮೇಲೆ ಕೂಡಿಸಿದರು. ಎರಡು ಹಲಗೆಗಳ ನಡುವೆ ಅದಕ್ಕೆಂದೇ ಮಾಡಿದಂತೆ ಕೂತಿತು. ಧೂಳು ಬೀಳದಂತೆ ಕೆಂಪು ಅರಿವೆ ಹೊದಿಸಿದರು. ಹೊತ್ತೇರಿದ ಮೇಲೆ ಎದುರು ಮನೆಯ ದರ್ಜಿ ಗುಲಾಮ ರಸೂಲನ ಹೊಲಿಗೆ ಮಷೀನು ಶುರುವಾಗುತ್ತಿತ್ತು. ಆದ್ದರಿಂದ ಬೆಳಗಾಗುವ ಮೊದಲೇ ಎದ್ದು, ಮಿಂದು, ಕಂದೀಲು ಹಚ್ಚಿಕೊಂಡು ಕೂತರು. ಪೆಟ್ಟಿಗೆಯಲ್ಲಿ ಮೂರು ವರ್ಷ ಇದ್ದ ಡಾಂಬರು ಗುಳಿಗೆಯ ವಾಸನೆ ತಡೆಯದೆ ಅವರ ತಾಯಿ ಶಾಲುಬಾಯಿ ಎರಡು ಊದಿನಕಡ್ಡಿ ಹಚ್ಚಿಟ್ಟರು.

ಶಾಲುಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ಕೇಳಿದ ಪದ ಮಾತ್ರ ಮರೆತವರಲ್ಲ. ಪಡಸಾಲೆಯ ಮೂಲೆಯಲ್ಲಿ ಬೀಸುಕಲ್ಲಿನ ಮುಂದೆ ಕೂತು ಮಗನ ಪಾಡನ್ನು ಒಂದಷ್ಟು ಹೊತ್ತು ಕೇಳಿದರು.

"ಝರ್ಝರ ಝರ್ಝರ ಅಂತ ಏನದು? ಮಳಿ ಕರೀಲತ್ತೀಯೇನು?"

"ಎಲುಬಿನ ಹೆಸರದ ಅವ್ವಾ. ಮೂಗಿನ ಮ್ಯಾಲ ಒಳಗ ಇರ್ತದ, ತೂತು ತೂತು."

"ತೂತು ತೂತು ಅಂದ್ರ ಜರಡಿ. ಜರಡಿ ಎಲುಬು ಅನ್ನು. ಮತ್ತ ಅದು?"

"ಇದು ನಟ್ಟನಡುವಿಂದು. ಎರಡೂ ಕಡೀ ರೆಕ್ಕಿ ಅವ."

"ಪಾತರಗಿತ್ತಿ," ಎಂದರು ಶಾಲುಬಾಯಿ, ಕಲ್ಲು ತಿರುವುತ್ತಲೇ. "ಮೂಗಿನಾಗ ಅಡ್ಡಗ್ವಾಡಿ ಹಂಗ ನಿಂತದಲ್ಲ, ಅದು ನೇಗಲದ ಕುಳ ಇದ್ದಂಗ ಅದ. ಕುಳದ ಎಲುಬು. ಇಷ್ಟಕ್ಕ ಮೈಸೂರ ತನಕ ಯಾಕ ಹೋದಿ ನೀ? ರಾಗದಾಗ ಹಾಕಿ ಹೇಳು, ಅಂದ್ರ ತಲ್ಯಾಗ ಕೂಡ್ತದ."

ಮಾಸ್ತರರಿಗೆ ಇದು ಶಾಸ್ತ್ರವೆನಿಸಲಿಲ್ಲ. ಬಾಯಿಪಾಠಕ್ಕೆ ಮೊದಲು ಹೀಗೆ ಕಲಿತು, ಗುರುವಾರ ಪುಸ್ತಕದ ಹೆಸರಿಗೆ ತಿರುಗಿಸಿಕೊಂಡರಾಯಿತೆಂದು ಒಪ್ಪಿದರು. ತಾಯಿ ಬೀಸುವ ರಾಗದಲ್ಲಿಯೇ, ಒಂದೊಂದು ಎಲುಬನ್ನು ಮುಟ್ಟಿ ಮುಟ್ಟಿ, ಗಂಟಲು ತೆರೆದು ಹೇಳತೊಡಗಿದರು:

ಹಣಿಗೊಂದು ಎಲುಬವ್ವ, ನೆತ್ತಿಗೆ ಎರಡವ್ವ
ಹೆಡಕಿಂದು ಒಂದು ಹಿಂದs ಕಾಯ್ತಾದ
ಕಣತಲಿಗೆ ಎರಡು ಕದವವ್ವ

ನಟ್ಟನಡು ಪಾತರಗಿತ್ತಿ ರೆಕ್ಕಿ ಬಿಚ್ಚಿ ಕುಂತಾದ
ಮೂಗಿನ ಮ್ಯಾಲೊಂದು ಜರಡಿ ಹಿಡದಾದ
ಎಂಟಕ್ಕ ಮಿದುಳಿನ ಮನಿಯವ್ವ

ಮೂಗಿಗೆ ಎರಡವ್ವ, ಕಣ್ಣೀರಿಗೆ ಎರಡವ್ವ
ಗಲ್ಲಕ್ಕ ಎರಡು, ಅಂಗುಳಕ್ಕ ಎರಡು
ಮ್ಯಾಲಿನ ದವಡಿಗೂ ಎರಡವ್ವ

ಸುರುಳಿ ಎಲುಬೆರಡವ್ವ, ಕುಳದ ಎಲುಬೊಂದವ್ವ
ಕೆಳಗಿನ ದವಡಿ ಒಂದs ಕುಣಿತಾದ
ಇಪ್ಪತ್ತೆರಡಕ್ಕ ಮುಗಿತವ್ವ

ಈಗ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಒಂದು ಮನೆಯಲ್ಲಿ ಪೋಥಿ ಓದಲು ಶುರುಮಾಡಿದರೆ ಯಾರನ್ನೂ ಕರೆಯುವುದಿಲ್ಲ. ಕರೆದು ಬಂದರೆ ಅದು ಕೇಳುವುದಲ್ಲ, ಬೀಗರ ಮನೆಗೆ ಹೋದಂತೆ. ದೀಪ ಕಂಡವರು, ದನಿ ಕೇಳಿದವರು ತಾವಾಗಿ ಬಂದು ಕೂಡಬೇಕು, ಮುಗಿದ ಮೇಲೆ ನೆಲ ಮುಟ್ಟಿ ನಮಸ್ಕಾರ ಮಾಡಿ ಸುಮ್ಮನೆ ಹೋಗಬೇಕು. ತೀರಿಕೊಂಡವರ ಹೆಸರಿನಲ್ಲಿ ಓದುತ್ತಿದ್ದರಂತೂ ಇನ್ನೂ ಬಿಗಿ: ಏಳು ದಿನ ತಪ್ಪದೆ ಬರಬೇಕು, ಏಳನೇ ದಿನ ಮಂಗಳ, ಅವತ್ತಿನ ಅಡುಗೆಗೆ ಎಲ್ಲರೂ ತಮ್ಮ ಮನೆಯಿಂದ ಏನಾದರೂ ತರಬೇಕು. ಮತ್ತು ಯಾರು ತೀರಿಕೊಂಡರೆಂದು ಓದುವವರ ಬಾಯಿಂದ ಹೇಳಿಸಬಾರದು.

ಮೊದಲ ದಿನ ನಾವು ಆರು ಮಂದಿ ಹೋಗಿ ಕೂತೆವು. ದೀಪ, ಊದಿನಕಡ್ಡಿ, ವ್ಯಾಸಪೀಠ, ಅದರ ಮೇಲೆ ಪೋಥಿ ಇರಬೇಕಾದಲ್ಲಿ ಸಾಕ್ಷಾತ್ ತಲೆ. ಇನ್ನೇನು ಕೇಳುವುದು?

ಮಾಸ್ತರರು ತಲೆ ಎತ್ತಿ ನೋಡಿದರು. ಬೆಳಗಿನ ಚಳಿಯಲ್ಲಿ ಕಂಬಳಿ ಹೊದ್ದು ಆರು ಮಂದಿ, ಎಲುಬಿನ ವಿಷಯ ಕೇಳಲು ಬಂದು ಕೂತಿದ್ದಾರೆ. ಅವರ ದನಿ ಅರ್ಧ ಗೇಣು ಮೇಲೆ ಹೋಯಿತು.

ಎರಡನೇ ದಿನ ಹದಿನೈದು ಮಂದಿ. ಮೂರನೇ ದಿನ ಯಾರೋ ಚೆಂಡುಹೂ ತಂದು ಪೀಠದ ಮುಂದಿಟ್ಟರು. ಮಾಸ್ತರರು ಅದು ತಮಗೆಂದು ತಿಳಿದು ಒಂದನ್ನು ಕೋಟಿಗೆ ಸಿಕ್ಕಿಸಿಕೊಂಡರು. ನಾಲ್ಕನೇ ದಿನ ಗುಲಾಮ ರಸೂಲ ಲೋಬಾನದ ಧೂಪ ಹಿಡಿದುಕೊಂಡು ಬಂದು, ಟೋಪಿ ಸರಿಮಾಡಿಕೊಂಡು ಕೂತ.

"ಶರಫೋದ್ದೀನ ಸಾಬ," ಎಂದು ಮಾಸ್ತರರು ಸಾಲೆಯಲ್ಲಿ ಹೆಡ್‌ಮಾಸ್ತರರಿಗೆ ಹೇಳಿದರು, "ಮಂದಿಗೆ ಸಾಯನ್ಸಿನ ಹಸಿವಿ ಎಷ್ಟು ಅದ ಅಂತ ನಮಗ ಖಬರ್ ಇಲ್ಲ. ಮೂವತ್ತು ಮಂದಿ. ಹೊತ್ತು ಹುಟ್ಟೋಕ ಮೊದ್ಲ."

"ಮೂವತ್ತು? ನಿಮ್ಮ ಕ್ಲಾಸಿನ್ಯಾಗ ಮೂವತ್ತು ಮಂದೀನ ಕೂಡ್ಸಾಕ ಬಾಗಲಾ ಹಾಕಬೇಕಾಗ್ತದಲ್ರಿ ಮಾಸ್ತರ."

"ಅವರು ಹುಡುಗರು. ಇವರು ತಿಳದವರು."

ತಿಳಿದವರಾದ ನಾವು ಓಣಿಯ ಕಟ್ಟೆಯ ಮೇಲೆ ಕೂತು, ಬುರುಡೆ ಸಾಲೆಯದಾದರೂ ಓದುವುದು ಯಾರ ಹೆಸರಿನಲ್ಲಿ, ತೀರಿಕೊಂಡವರು ಯಾರೆಂದು ಮೆಲ್ಲನೆ ವಿಚಾರ ಮಾಡುತ್ತಿದ್ದೆವು. ಮಾಸ್ತರರ ತಂದೆ ತೀರಿ ಹದಿನೆಂಟು ವರ್ಷ, ಅವರ ತಲೆ ಅವರ ಜೊತೆಗೇ ಹೋಗಿತ್ತು. ಗುಲಾಮ ರಸೂಲನ ವಿಚಾರವೇ ಬೇರೆ.

"ನನಗ ಕೇಳಿದ್ರ," ಎಂದ ಅವನು, "ಇದು ಹೈದರಾಬಾದ ಸರ್ಕಾರದ ಏಳು ದಿನ. ಮೊನ್ನೆ ತೀರಿಹೋತಲ್ಲ. ಪೂರಾ ಮಂದಿ ಹಾರ ಹಾಕಿ, ಭಾಷಣ ಮಾಡಿ ಕೈ ತೊಳಕೊಂಡ್ರು. ಒಬ್ಬರಾದ್ರು ಪೋಥಿ ಓದಿದ್ರೇನು? ಮಾಸ್ತರಸಾಬ ಉಪ್ಪು ಉಂಡಾರ, ಓದ್ಲತ್ತಾರ. ಖಾನದಾನಿ ಮನಷ್ಯಾ."

ಅವನು ಹಳೆ ಸರ್ಕಾರದ ಸಿಪಾಯಿಗಳ ಅಂಗಿ ಹೊಲಿದವನು, ದುಃಖ ಅವನದೂ ಇತ್ತು. ಪೆಟ್ಟಿಗೆಯ ಮೇಲೆ 'ಹೈದರಾಬಾದ' ಎಂದು ಬರೆದದ್ದನ್ನು ನಾನೇ ಕಂಡಿದ್ದೆನಾದ್ದರಿಂದ ಎದುರು ಹೇಳಲಾಗಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಈ ಮಾತು ಸಂತೆಗೆ ಹೋಯಿತು, ಸಂತೆಯಿಂದ ಮೆಹಕರಕ್ಕೆ ಹೋಯಿತು, ಹೋಗುವಾಗ ದಾರಿಯಲ್ಲಿ ಸರ್ಕಾರ ಉದುರಿಬಿತ್ತು. ಮೆಹಕರಕ್ಕೆ ಮುಟ್ಟಿದ್ದು ಇಷ್ಟೇ: ಹೈದರಾಬಾದಿನಲ್ಲಿ ಸತ್ತ ಒಬ್ಬ ಮನುಷ್ಯನ ತಲೆ ಭಾಲ್ಕಿಗೆ ಬಂದಿದೆ, ತನ್ನವರು ಯಾರೂ ಇಲ್ಲದ್ದರಿಂದ ಮಾಸ್ತರರೇ ಅದರ ಮುಂದೆ ಪೋಥಿ ಓದುತ್ತಿದ್ದಾರೆ.

ಮೆಹಕರದಲ್ಲಿ ಸುಭದ್ರಾಬಾಯಿ ಎಂಬ ವಯಸ್ಸಾದ ಹೆಣ್ಣುಮಗಳಿದ್ದಳು. ಆಕೆಯ ಗಂಡ ಪಂಢರಿ ಇಪ್ಪತ್ತು ವರ್ಷದ ಹಿಂದೆ ಗಿರಣಿ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದ, ತಿರುಗಿ ಬಂದಿರಲಿಲ್ಲ.

ಏಳನೇ ದಿನ ಬುಧವಾರ. ಮಂಗಳದ ದಿನ. ಬೆಳಿಗ್ಗೆ ಮಾಸ್ತರರು ಇಪ್ಪತ್ತೆರಡನೆಯ ಎಲುಬು ಮುಗಿಸಿ ಕಣ್ಣು ತೆರೆಯುವಷ್ಟರಲ್ಲಿ ಮನೆಯ ಮುಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದರು. ಜೋಳದ ಹಿಟ್ಟು, ತೊಗರಿ ಬೇಳೆ, ಗೋಧಿ, ಬೆಲ್ಲ ಬಂದು ಬೀಳುತ್ತಿತ್ತು. ಹುಗ್ಗಿಗೆ ಇಟ್ಟರು.

"ಇದೇನ ಅವ್ವಾ?" ಎಂದರು ಮಾಸ್ತರರು.

"ಓಣಿ ಮಂದಿ ಊಟ ಇಟ್ಟಾರ," ಎಂದರು ಶಾಲುಬಾಯಿ. ಮಗನ ಪಾಠಕ್ಕಾಗಿ ಓಣಿಯವರು ಹರಕೆ ಹೊತ್ತಿದ್ದಾರೆಂದು ಅವರು ತಿಳಿದಿದ್ದರು.

ಮಾಸ್ತರರ ಕಣ್ಣು ಒದ್ದೆಯಾದವು. ನಾಳಿನ ಪಾಠಕ್ಕೆ ಊರು ತಮ್ಮನ್ನು ಉಣಿಸಿ ಕಳಿಸುತ್ತಿದೆ. ಒಳಗೆ ಹೋಗಿ ಇಸ್ತ್ರಿಯ ಕೋಟು ಹಾಕಿಕೊಂಡು ಬಂದರು. ಅವತ್ತು ಸಾಲೆಗೂ ರಜೆ ಕೊಡಬೇಕಾಯಿತು. ಅರ್ಧ ಮಾಸ್ತರುಗಳು ಮಂಗಳಕ್ಕೆ ಹೋಗಬೇಕೆಂದರು, ಉಳಿದರ್ಧ ಹುಗ್ಗಿಗೆ ಹೋಗಬೇಕೆಂದರು. ಶರಫೋದ್ದೀನ ಸಾಹೇಬರು ಬೀಗ ಹಾಕಿಸಿ ತಾವೂ ಬಂದರು.

ಹನ್ನೊಂದರ ಸುಮಾರಿಗೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಸುಭದ್ರಾಬಾಯಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂದಿಯನ್ನು ಸರಿಸಿಕೊಂಡು ನೆಟ್ಟಗೆ ಪಡಸಾಲೆಗೆ ಬಂದಳು. ಬುರುಡೆಯ ಮುಂದೆ ಕೂತು ಅದನ್ನು ಬಹಳ ಹೊತ್ತು ನೋಡಿದಳು.

"ಅವನs," ಎಂದಳು. "ಬಾಯಿ ನೋಡ್ರಿ. ಜೀವ ಇದ್ದಾಗ ಒಂದು ದಿನ ಮುಚ್ಚಿದಾಂವ ಅಲ್ಲ."

"ಯಾರ್ರಿ ಬಾಯಿ?" ಎಂದರು ಮಾಸ್ತರರು.

"ನಮ್ಮ ಮನಷ್ಯಾ. ಏಳು ದಿನ ಓದೀರಿ, ನಿಮ್ಮ ಉಪಕಾರ ಆತು. ಇನ್ನ ಕೊಡ್ರಿ, ಒಯ್ತೇನಿ."

ಆಗ ಮಾಸ್ತರರಿಗೆ ಏಳು ದಿನದ ಚೆಂಡುಹೂ, ಲೋಬಾನ, ಹುಗ್ಗಿ ಎಲ್ಲ ಒಮ್ಮೆಲೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಅವರಿಗೆ ಅರ್ಥವಾದದ್ದು ಒಂದೇ: ಬುರುಡೆ ಹೋದರೆ ನಾಳೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಔರಾದ.

ಶರಫೋದ್ದೀನ ಸಾಹೇಬರು ಮುಂದೆ ಬಂದರು. "ನೋಡ್ರಿ ಬಾಯಿ, ಇದು ಸರ್ಕಾರಿ ಮಾಲು. ನಂಬರ ಅದ."

"ನನ್ನ ಗಂಡ ಸರ್ಕಾರಕ್ಕ ಯಾಕ ಬೇಕ್ರಿ? ಇಪ್ಪತ್ತು ವರ್ಷ ನನಗs ಉಪಯೋಗ ಆಗಿಲ್ಲ."

"ಕಾನೂನಿನ ಪ್ರಕಾರ—"

"ಯಾ ಕಾನೂನು? ಹೋದ ವರ್ಷಂದೋ ಈ ವರ್ಷಂದೋ?"

ಹೆಡ್‌ಮಾಸ್ತರರಿಗೆ ಅದು ಇನ್ನೂ ಸ್ಪಷ್ಟವಾಗಿರಲಿಲ್ಲ. ಹಿಂದೆ ಸರಿದರು. ಮಂದಿ ಸುಭದ್ರಾಬಾಯಿಯ ಕಡೆಗೆ ಆಗಿದ್ದರು. ಏಳು ದಿನ ಯಾರೆಂದು ತಿಳಿಯದೆ ಕೇಳಿದವರಿಗೆ ಒಂದು ಹೆಸರು ಸಿಕ್ಕಿತ್ತು, ಅದನ್ನು ಯಾರು ಬಿಡುತ್ತಾರೆ? "ಪಂಢರಿ, ಪಾಪ," ಎಂದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ಇದೇ ಹೊತ್ತಿಗೆ, ಬೀದರಿನ ಬಸ್ಸಿನಿಂದ ಇಳಿದ ಮೈಸೂರು ಸಾಹೇಬರು ಬೀಗ ಹಾಕಿದ ಸಾಲೆಯ ಮುಂದೆ ನಿಂತಿದ್ದರು. ಹೇಳದೆ ಒಂದು ದಿನ ಮೊದಲೇ ಹೋಗುವುದು ಅವರ ಪದ್ಧತಿಯಂತೆ. ಎಲ್ಲರೂ ಎಲ್ಲಿ ಎಂದು ದಾರಿಯಲ್ಲಿ ಕೇಳಿ, ಗದ್ದಲದ ಕಡೆಗೆ ನಡೆದು ಬಂದರು. ಧೂಳಿನಿಂದ ಕೋಟಿನ ಬಣ್ಣ ತಿಳಿಯುತ್ತಿರಲಿಲ್ಲ. ಪಡಸಾಲೆಯ ಮೆಟ್ಟಿಲಿನಲ್ಲಿ ಅಂಜನಾಬಾಯಿ ತಡೆದರು.

"ಬೂಟು ಬಿಚ್ರಿ. ಪೋಥಿ ಜಾಗಾ ಅದ. ಕೋಟೂ ಅಲ್ಲಿ ಇಡ್ರಿ, ಧೂಳ ಅದ. ಆ ಪಗಡೀನೂ."

"ನೋಡಿ ತಾಯಿ, ನಾನು—"

"ಹೊತ್ತಾತು, ಕುಂದರ್ರಿ. ಖಾಲಿ ಕುಂದರಬ್ಯಾಡ್ರಿ," ಎಂದು ಒಂದು ಮೊರ ಬಳ್ಳೊಳ್ಳಿ ತಂದು ಮುಂದಿಟ್ಟರು. ಮಂಗಳದ ಅಡುಗೆಯಲ್ಲಿ ಬಂದವರು ಯಾರೇ ಆಗಲಿ ಕೈ ಹಾಕಲೇಬೇಕು. ಸಾಹೇಬರು ಧೋತರ, ಬನಿಯನ್ನಿನಲ್ಲಿ ಹೆಂಗಸರ ಹಿಂದೆ ಗೋಡೆಗೆ ಒರಗಿ ಬಳ್ಳೊಳ್ಳಿ ಸುಲಿಯಲು ಕೂತರು. ಶರಫೋದ್ದೀನ ಸಾಹೇಬರು ಅವರ ಗುರುತು ಹಿಡಿದು ಎದ್ದೇಬಿಡುತ್ತಿದ್ದರು. ಅಷ್ಟರಲ್ಲಿ ಮೈಸೂರು ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು.

ಮಾಸ್ತರರು ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದರು. ಪುಸ್ತಕದ ಹೆಸರುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಬಾಯಿ, ಒಂದು ಮಾತು ಹೇಳ್ರಿ. ನಿಮ್ಮ ಯಜಮಾನ್ರು ಮನಿ ಬಿಟ್ಟಾಗ ಎಷ್ಟು ವಯಸ್ಸು?"

"ಐವತ್ತರ ಮ್ಯಾಲ ಒಂದೋ ಎರಡೋ."

"ಹಣಿ ಹ್ಯಾಂಗಿತ್ತು?"

"ಹಣಿ ಏನ್ರಿ, ಹುಬ್ಬಿನ ಮ್ಯಾಲ ಬದು ಹಾಕಿದಂಗ ಇತ್ತು. ಮಳಿ ಬಂದ್ರ ಕಣ್ಣಾಗ ಹನಿ ಬೀಳ್ತಿದ್ದಿಲ್ಲ."

"ಹೌದಲ್ಲ? ಎಲ್ಲಾರೂ ನಿಮ್ಮ ನಿಮ್ಮ ಹುಬ್ಬಿನ ಮ್ಯಾಲ ಕೈ ಇಡ್ರಿ. ಗಂಡಸರಿಗೆ ಬದು ಹತ್ತತದ, ಹೆಣ್ಣಮಕ್ಕಳಿಗೆ ಸಪಾಟ ಇರ್ತದ. ಬಾಯಿ, ಈ ಹಣಿ ಎಲುಬಿನ ಮ್ಯಾಲ ನೀವs ಕೈ ಆಡ್ಸಿ ನೋಡ್ರಿ."

ಸುಭದ್ರಾಬಾಯಿ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. "ಸವದಿರಬೇಕು," ಎಂದಳು, ಆದರೆ ದನಿ ಇಳಿದಿತ್ತು.

"ಎಲುಬು ಹಂಗ ಸವಿಯಂಗಿಲ್ರಿ. ಈಗ ಕಿವಿ ಹಿಂದ ಕೈ ಇಡ್ರಿ. ಕಣತಲಿ ಎಲುಬಿನ ಬುಡಕ ಒಂದು ಉಬ್ಬು ಅದ. ಸಿಕ್ತೇನು? ಕುತ್ತಿಗಿ ತಿರವೂ ಸ್ನಾಯು ಅಲ್ಲಿ ಹಿಡದಿರ್ತದ. ಭಾರ ಹೊರೂ ಗಂಡಸರಿಗೆ ಅದು ಹೆಬ್ಬಟ್ಟಿನಷ್ಟು ಇರ್ತದ. ಇಲ್ಲಿ ನೋಡ್ರಿ, ಕಿರಿಬೆರಳಿನ ತುದಿಯಷ್ಟ."

ಅರವತ್ತು ಮಂದಿ ಕಿವಿಯ ಹಿಂದೆ ಕೈಯಿಟ್ಟುಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕೂತಿದ್ದರು. ಗೋಡೆಯ ಹತ್ತಿರ ಸಾಹೇಬರ ಕೈಯೂ ಬಳ್ಳೊಳ್ಳಿ ಬಿಟ್ಟು ಕಿವಿಯ ಹಿಂದೆ ಹೋಗಿತ್ತು.

"ಇನ್ನ ವಯಸ್ಸಿನ ಮಾತು. ಗುಲಾಮ ರಸೂಲ ಭಾಯಿ, ಇಲ್ಲಿ ಬರ್ರಿ. ಈ ನೆತ್ತಿ ಮ್ಯಾಲ ಗೆರಿ ಕಾಣ್ತಾವಲ್ಲ, ಇವೇನು?"

ಗುಲಾಮ ರಸೂಲ ಚಾಳೀಸು ಏರಿಸಿ ಬಗ್ಗಿ ನೋಡಿದ. ಅವನ ಮುಖದ ಮೇಲೆ ಕಸುಬಿನ ಗೌರವ ಮೂಡಿತು.

"ಹೊಲಿಗಿ," ಎಂದ. "ಮಷೀನಿಂದಲ್ಲ ಮಾಸ್ತರಸಾಬ, ಕೈ ಹೊಲಿಗಿ. ಹಣಿಗೂ ನೆತ್ತಿಗೂ ಅಡ್ಡ ಒಂದು. ಎರಡು ನೆತ್ತಿ ನಡುವ ಉದ್ದ ಒಂದು. ಹಿಂದ ಹೆಡಕಿಗೆ ಬಂದು ಎರಡು ಕಡಿ ಒಡದದ. ಎಂಥಾ ಸಣ್ಣ ಟಾಕಾ ಹಾಕ್ಯಾನ ಅಂತೀನಿ. ಇಂಥಾದು ನನ್ನ ಕೈಲೆ ಆಗಂಗಿಲ್ಲ."

"ಎಲ್ಲಾ ಟಾಕಾ ಕಾಣ್ತಾವೇನು?"

"ಒಂದೊಂದು ಎಣಿಸಿ ಹೇಳ್ತೇನಿ."

"ಕೇಳಿದ್ರೇನ್ರಿ ಬಾಯಿ? ವಯಸ್ಸಾದಂಗ ಈ ಹೊಲಿಗಿ ಅಳಸ್ತದ. ಎಲುಬು ಎಲುಬು ಕೂಡಿ ಒಂದs ತಗಡ ಆಗ್ತದ. ಐವತ್ತು ದಾಟಿದ ತಲಿ ಮ್ಯಾಲ ಇಷ್ಟು ಚಂದ ಹೊಲಿಗಿ ಉಳಿಯೂದು ಕಠಿಣ. ಇಲ್ಲಿ ನೋಡ್ರಿ, ಕೊನಿ ದವಡಿಹಲ್ಲು ಈಗಷ್ಟ ಮ್ಯಾಲ ಬಂದದ, ಇನ್ನೂ ಸವದಿಲ್ಲ. ಹಿಂಗಾಗಿ ಇದು ನಿಮ್ಮ ಯಜಮಾನ್ರ ತಲಿ ಅಲ್ಲ. ಗಂಡಸಿನ ತಲೀನೇ ಅಲ್ಲ. ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಒಬ್ಬ ಹೆಣ್ಣಮಗಳದು."

ಒಲೆಯ ಮೇಲೆ ಹುಗ್ಗಿ ಕುದಿಯುವುದು ಕೇಳುತ್ತಿತ್ತು.

"ಹೆಣ್ಣಮಗಳು," ಎಂದಳು ಸುಭದ್ರಾಬಾಯಿ.

"ಹೌದ್ರಿ."

"ಯಾರ ಮಗಳು?"

"ಅದನ್ನ ಎಲುಬು ಹೇಳಂಗಿಲ್ರಿ."

ಆಕೆ ನೆಲದ ಮೇಲೆ ಬಿದ್ದಿದ್ದ ಕೆಂಪು ಅರಿವೆಯನ್ನು ಎತ್ತಿ, ಮಾಸ್ತರರ ಕೈಯಲ್ಲಿದ್ದ ತಲೆಯ ಮೇಲೆ, ಹಣೆಯ ತನಕ, ಸೆರಗಿನಂತೆ ಹೊದಿಸಿದಳು.

"ಇಷ್ಟು ಮಂದಿ ಗಂಡಸರ ಮುಂದ ತಲಿ ಮ್ಯಾಲ ಒಂದು ಸೆರಗ ಇಲ್ದ ಕೂಡ್ಸೀರಲ್ರಿ ಮಾಸ್ತರ, ಏಳು ದಿನ. ನಿಮಗೊಬ್ಬ ಅಕ್ಕತಂಗಿ ಇಲ್ಲೇನು?" ಎಂದಳು. ಆಮೇಲೆ ಹೆಂಗಸರ ಕಡೆ ತಿರುಗಿ, "ಯಾಕ ಸುಮ್ಮ ಕುಂತೀರಿ? ಮಂಗಳ ಮಾಡ್ರಿ. ಈಕಿಗೆ ಇದನ್ನೂ ಯಾರು ಮಾಡಿದ್ದಿಲ್ಲ," ಎಂದಳು.

ಹೀಗೆ ಮಂಗಳ ನಡೆಯಿತು. ಶಾಲುಬಾಯಿ ಎತ್ತಿಕೊಟ್ಟರು, ಅರವತ್ತು ಮಂದಿ ಏಳು ದಿನ ಕೇಳಿ ಬಾಯಿಗೆ ಬಂದಿದ್ದನ್ನು ಹೇಳಿದರು, ಹಣೆಯಿಂದ ಕೆಳಗಿನ ದವಡೆಯವರೆಗೆ. ಗುಲಾಮ ರಸೂಲ ಲೋಬಾನ ಹಾಕಿದ. ಊಟಕ್ಕೆ ಕೂತಾಗ ಸುಭದ್ರಾಬಾಯಿ ಎರಡು ಸಲ ಹುಗ್ಗಿ ಹಾಕಿಸಿಕೊಂಡಳು.

"ಇದು ಅವನಲ್ಲ ಅಂದಮ್ಯಾಲ ಅವ ಎಲ್ಲೋ ಅದಾನ," ಎಂದಳು ಪಕ್ಕದವರಿಗೆ. "ಬರ್ಲಿ. ಆ ಹುಬ್ಬಿನ ಬದು ನಾನs ಸಪಾಟ ಮಾಡ್ತೇನಿ."

ಸಾಹೇಬರು ಊಟ ಮುಗಿಸಿ, ಮೆಟ್ಟಿಲಿನ ಹತ್ತಿರ ಕೋಟು ಹುಡುಕಿಕೊಂಡರು. ಹೋಗುವ ಮುಂಚೆ ಶಾಲುಬಾಯಿಯ ಬಳಿ ನಿಂತು, "ತಾಯಿ, ಆ ತೂತು ತೂತಿನ ಎಲುಬಿಗೆ ಏನಂದಿರಿ?" ಎಂದು ಕೇಳಿದರು.

"ಜರಡಿ. ನಿಮ್ಮ ಕಡಿ ಜರಡಿ ಇಲ್ಲೇನ್ರಿ?"

"ಇದೆ ತಾಯಿ," ಎಂದು ಡೈರಿಯಲ್ಲಿ ಬರೆದುಕೊಂಡರು.

ಮರುದಿನ ಗುರುವಾರ, ಹನ್ನೊಂದು ಗಂಟೆ. ಸಾಹೇಬರು ಪೇಟ, ಕೋಟು ಧರಿಸಿ ಕ್ಲಾಸಿನಲ್ಲಿ ಕೂತಿದ್ದರು. ಮಾಸ್ತರರಿಗೆ ಬೀದರಿನಲ್ಲಿ ಕಂಡ ಪೇಟದ ಗುರುತು ಸಿಕ್ಕಿತು, ಬಳ್ಳೊಳ್ಳಿ ಸುಲಿದ ಬನಿಯನ್ನಿನ ಗುರುತು ಸಿಗಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, ಅತ್ಯಂತ ಶುದ್ಧವಾದ ಪುಸ್ತಕದ ಕನ್ನಡದಲ್ಲಿ ಶುರುಮಾಡಿದರು. ಲಲಾಟಾಸ್ಥಿ ಎಂದು ಗದ್ದ ಮುಟ್ಟಿದರು. ಪಾರ್ಶ್ವಕಪಾಲಾಸ್ಥಿ ಎಂದು ಹಲ್ಲು ತೋರಿಸಿದರು. ಜತೂಕಾಸ್ಥಿಯನ್ನು ಬಹಳ ಹುಡುಕಿದರು; ಸಿಗದೆ, ಅದು ಒಳಗಡೆ ಇರುತ್ತದೆಂದು ಹೇಳಿ ಮುಂದೆ ಹೋದರು. ಎಣಿಸಿದಾಗ ಒಮ್ಮೆ ಹತ್ತೊಂಬತ್ತು, ಒಮ್ಮೆ ಇಪ್ಪತ್ತಾರು ಎಲುಬು ಬಂದವು. ಶರಫೋದ್ದೀನ ಸಾಹೇಬರು ಕಿಟಕಿಯ ಹೊರಗೆ ನೋಡುತ್ತ ಬೆವರು ಒರೆಸಿಕೊಂಡರು. ಮೈಸೂರು ಸಾಹೇಬರು ಮುಗಿಯುವ ತನಕ ಕದಲದೆ ಕೇಳಿ, ಎದ್ದು ನಿಂತು ಕೈ ಮುಗಿದು ಹೋದರು.

ಅವರ ವರದಿ ಬುಧವಾರ ಸಂಜೆಯ ಟಪಾಲಿನಲ್ಲಿಯೇ ಹೋಗಿತ್ತು. ಹೆಡ್‌ಮಾಸ್ತರರ ಮೇಜಿನ ಮುಂದೆ ಕೂತು ಬರೆದದ್ದು, ಮೂರೇ ಸಾಲು. ತಲೆಬುರುಡೆಯ ಪಾಠವನ್ನು ಭಾಲ್ಕಿಯಲ್ಲಿ ಕನ್ನಡದಲ್ಲಿ ಕೇಳಿದೆ. ಅರ್ಥವಾಯಿತು. ಈ ಮಾಸ್ತರರನ್ನು ಇಲ್ಲಿಂದ ಕದಲಿಸಬಾರದು.

ಫೆಬ್ರವರಿಯಲ್ಲಿ ಹುಕುಂ ಬಂತು. ಅಂಜನಾಬಾಯಿ ಓಣಿಗೆಲ್ಲ ಪೇಡಾ ಹಂಚಿ, ಔರಾದಿನ ನೀರು ಅಷ್ಟೇನೂ ಸಿಹಿಯಲ್ಲವೆಂದು ಹೇಳಿದರು. ಮಾಸ್ತರರು ರಿಟೈರಾಗುವ ತನಕ, ಆದ ಮೇಲೂ, ಆ ಗುರುವಾರದ ಪಾಠದ ಕಥೆಯನ್ನು ಕೇಳಿದವರಿಗೆಲ್ಲ ಹೇಳಿದರು: ಲಲಾಟಾಸ್ಥಿಯಿಂದ ಶುರುಮಾಡಿ ಮೈಸೂರಿನವರು ಹೇಗೆ ಬಾಯಿ ತೆರೆದು ಕೂತರು, ಹೇಗೆ ಕೈ ಮುಗಿದು ಎದ್ದರು. ನಾವು ಯಾರೂ ಅಲ್ಲವೆನ್ನಲಿಲ್ಲ. ಎಷ್ಟೆಂದರೂ ನಮ್ಮ ಮಾಸ್ತರರು.

ಒಂದು ಸಲ ನಾನೇ ತಡೆಯಲಾರದೆ ಕೇಳಿದೆ, "ಮಾಸ್ತರ, ಅದರ ಹಿಂದಿನ ದಿನ ನಿಮ್ಮ ಪಡಸಾಲ್ಯಾಗ ಏನೋ ನಡದಿತ್ತಲ್ರಿ?"

ಅವರು ನೆನಪು ಮಾಡಿಕೊಂಡರು.

"ಬುಧವಾರ ಏನು? ಏನಿಲ್ಲ. ಮನಿಗೆ ಮಂದಿ ಬಂದಿದ್ರು, ಊಟಕ್ಕ."